ಅಪ್ಪನ ಕಿವಿ ಮತ್ತು ದೊಡ್ಡ ಗಾಡಿ

ನಮ್ಮ ಮನೆಯಲ್ಲಿ ಗಾಡಿಯ ಆರೋಗ್ಯ ವಿಚಾರಿಸಿದಷ್ಟು ಅವ್ವನ ಆರೋಗ್ಯವನ್ನು ಯಾರೂ ವಿಚಾರಿಸಲಿಲ್ಲ. ಇದು ಅವ್ವನೇ ಆಡುತ್ತಿದ್ದ ಮಾತು, ಅದೂ ಅವಳು ಅಪ್ಪನ ಜೊತೆ ಇನ್ನೂ ಮಾತಾಡುತ್ತಿದ್ದ ಕಾಲದಲ್ಲಿ. ತೊಂಬತ್ತರ ದಶಕದ ನಡುವಿನಲ್ಲಿ ಅಪ್ಪ ಒಂದು ಡೀಸೆಲ್ ಗಾಡಿ ಕೊಂಡರು. ಎಸ್‌ಯುವಿ ಎಂಬ ಹೆಸರು ಆಗಿನ್ನೂ ದಾಸರಹಳ್ಳಿಯ ನಮ್ಮ ಬೀದಿಗೆ ಬಂದಿರಲಿಲ್ಲ. ಎತ್ತರವಾಗಿ, ಅಗಲವಾಗಿ, ಹಿಂಭಾಗದಲ್ಲಿ ಎದುರುಬದುರು ಬೆಂಚುಗಳಿದ್ದ ಅದನ್ನು ಎಲ್ಲರೂ ದೊಡ್ಡ ಗಾಡಿ ಎನ್ನುತ್ತಿದ್ದರು. ಮನೆಯಲ್ಲಿದ್ದವರು ಅಪ್ಪ, ಅವ್ವ ಮತ್ತು ಆಗಷ್ಟೇ ಡಿಗ್ರಿಗೆ ಸೇರಿದ್ದ ಮಗಳು ನಾನು. ಮೂರು ಜನಕ್ಕೆ ಅಷ್ಟು ದೊಡ್ಡ ಗಾಡಿ ಯಾಕೆ ಎಂದು ಕೇಳಿದರೆ, "ರಾಣೆಬೆನ್ನೂರಿಂದ ಮಂದಿ ಬಂದ್ರ ಎಲ್ಲಿ ಕುಂದರಸ್ತಿ?" ಎನ್ನುತ್ತಿದ್ದರು. ಮಂದಿ ಬರುತ್ತಿದ್ದದ್ದು ಅಪರೂಪಕ್ಕೆ. ಉಳಿದ ದಿನಗಳಲ್ಲಿ ಆ ಹಿಂದಿನ ಬೆಂಚುಗಳ ಮೇಲೆ ಕೂತಿರುತ್ತಿದ್ದದ್ದು ಸ್ಟೆಪ್ನಿ, ಜಾಕು ಮತ್ತು ಒಂದು ಗ್ರೀಸ್ ಡಬ್ಬ.

ಅಪ್ಪ ಪೀಣ್ಯದ ಒಂದು ಕಾರ್ಖಾನೆಯಲ್ಲಿ ಪ್ರೆಸ್ ಶಾಪಿನ ಸೂಪರ್‌ವೈಸರ್. ದೊಡ್ಡ ದೊಡ್ಡ ಪ್ರೆಸ್‌ಗಳು ಧಡ್ ಧಡ್ ಎಂದು ತಗಡನ್ನು ಗುದ್ದಿ ಆಕಾರ ಕೊಡುವ ಜಾಗ ಅದು. ನಾನು ಒಂದೇ ಸಲ ಒಳಗೆ ಹೋಗಿದ್ದೇನೆ, ಆಯುಧಪೂಜೆಯ ದಿನ, ಮಷೀನುಗಳೆಲ್ಲ ನಿಂತಿದ್ದಾಗ. ನನಗೆ ತೋರಿಸಲೆಂದು ಅಪ್ಪ ಒಂದೇ ಒಂದು ಪ್ರೆಸ್ ಓಡಿಸಿದರು, ಎದೆಯೊಳಗೆ ಯಾರೋ ಗುದ್ದಿದಂತಾಯಿತು. ಅಲ್ಲಿ ಕೆಲಸ ಮಾಡುವವರು ಕೈಸನ್ನೆಯಲ್ಲೇ, ತುಟಿ ನೋಡಿಯೇ ಮಾತಾಡಿಕೊಳ್ಳುತ್ತಿದ್ದರು. ಕಿವಿಗೆ ಇಟ್ಟುಕೊಳ್ಳಲು ಕಂಪನಿಯವರು ಹತ್ತಿ ಕೊಡುತ್ತಿದ್ದರು, ಆಮೇಲೆ ರಬ್ಬರಿನ ಬಿರಡೆಗಳನ್ನೂ ಕೊಟ್ಟರು. ಅಪ್ಪ ಒಂದು ದಿನವೂ ಅವನ್ನು ಹಾಕಿಕೊಳ್ಳಲಿಲ್ಲ, ಕೈಕೆಳಗಿನವರಿಗೂ ಹಾಕಿಕೊಳ್ಳಲು ಬಿಡಲಿಲ್ಲ. ಅಚ್ಚಿನ ಡೈ ಬಿರುಕು ಬಿಡುವ ಮುಂಚೆ ಸದ್ದು ಬದಲಾಗುತ್ತದೆ, ಕಿವಿ ಮುಚ್ಚಿಕೊಂಡು ಪ್ರೆಸ್ ಮುಂದೆ ನಿಲ್ಲುವುದೂ ಕಣ್ಣು ಮುಚ್ಚಿಕೊಂಡು ರಸ್ತೆ ದಾಟುವುದೂ ಒಂದೇ ಎನ್ನುವುದು ಅವರ ವಾದ. ಪ್ರೆಸ್ ಶಾಪಿನ ಹಳಬರೆಲ್ಲ ಹಾಗೇ ಇದ್ದರು. ಕಿವಿಗೆ ಹತ್ತಿ ಇಟ್ಟುಕೊಂಡವನನ್ನು ಅವರು ಅತ್ತರಿನ ಹತ್ತಿ ಇಟ್ಟ ಮದುಮಗ ಎಂದು ಗೇಲಿ ಮಾಡುತ್ತಿದ್ದರು. ಇದನ್ನು ಬರೆಯುವಾಗ ಈಗಲೂ ನನಗೆ ಮೈಯೆಲ್ಲ ಉರಿಯುತ್ತದೆ.

ಅದೇ ಕಿವಿಯಿಂದ ಅವರು ಗಾಡಿಯನ್ನೂ ನೋಡಿಕೊಳ್ಳುತ್ತಿದ್ದರು. ಭಾನುವಾರ ಸ್ನಾನ, ಲಿಂಗಪೂಜೆ ಮುಗಿಸಿ, ಬೆರಳಲ್ಲಿ ಉಳಿದ ವಿಭೂತಿಯಿಂದ ಸ್ಟಿಯರಿಂಗಿಗೆ ಮೂರು ಗೆರೆ ಎಳೆದು, ಹಳೇ ಲುಂಗಿ ಉಟ್ಟು ಬಾನೆಟ್ ಎತ್ತುತ್ತಿದ್ದರು. ಆಯಿಲ್ ಕಡ್ಡಿ ಎಳೆದು ಬೆರಳಲ್ಲಿ ಉಜ್ಜಿ ನೋಡುವುದು, ರೇಡಿಯೇಟರಿಗೆ ನೀರು, ಡೀಸೆಲ್ ಫಿಲ್ಟರಿನ ಅಡಿಯಲ್ಲಿ ನಿಂತ ನೀರನ್ನು ಬಸಿಯುವುದು, ಏರ್ ಫಿಲ್ಟರ್ ಕಳಚಿ ಕಾಂಪೌಂಡ್ ಗೋಡೆಗೆ ತಟ್ಟುವುದು. ತುಮಕೂರು ರಸ್ತೆಯ ದೂಳಿಗೆ ಆ ಫಿಲ್ಟರು ನಮ್ಮ ಮನೆಯ ಕಾಲೊರೆಸುವ ಚಾಪೆಗಿಂತ ಕೊಳಕಾಗಿರುತ್ತಿತ್ತು. ಎಲ್ಲ ಆದ ಮೇಲೆ ಮುಖ್ಯವಾದ ಕಾರ್ಯಕ್ರಮ. ನನ್ನನ್ನು ಸೀಟಿನಲ್ಲಿ ಕೂರಿಸಿ ಸ್ಟಾರ್ಟ್ ಮಾಡಿಸುವರು. ಮರದ ಹಿಡಿಯ ಉದ್ದನೆಯ ಸ್ಕ್ರೂಡ್ರೈವರ್ ತಗೊಂಡು ಅದರ ತುದಿಯನ್ನು ಎಂಜಿನ್ನಿನ ಮೇಲಿಟ್ಟು, ಹಿಡಿಯನ್ನು ಕಿವಿಯ ಹಿಂದಿನ ಮೂಳೆಗೆ ಒತ್ತಿಕೊಂಡು, ಕಣ್ಣು ಮುಚ್ಚಿ ಕೇಳುವರು. ಪಂಪಿನ ಹತ್ತಿರ ಸ್ವಲ್ಪ ಹೊತ್ತು, ಡೈನಮೋ ಹತ್ತಿರ ಸ್ವಲ್ಪ ಹೊತ್ತು. ಆಮೇಲೆ ಕೈ ಎತ್ತಿ, "ಕಲ್ಲಿನಂಗ ಐತಿ ಎಂಜಿನ್ನು" ಎನ್ನುವರು. ಅವರು ಹಾಗೆಂದ ಮೇಲೆ ಮುಗಿಯಿತು. ಗಾಡಿಯ ವಿಷಯದಲ್ಲಿ ಅಪ್ಪನ ಮಾತಿಗೆ ಎದುರಾಡುವ ಪದ್ಧತಿ ನಮ್ಮ ಮನೆಯಲ್ಲಿ ಇರಲಿಲ್ಲ.

ಗಾಡಿ ಬಂದ ಹೊಸತರಲ್ಲಿ ಅವ್ವ ನಡುವಿನ ಸೀಟಿನಲ್ಲಿ, ನನ್ನ ಹಿಂದೆ ಕೂತು, ದಾರಿಯುದ್ದಕ್ಕೂ ಮಾತಾಡುತ್ತಿದ್ದಳು. ಅಲ್ರೀ, ಅಲ್ಲಿ ಹೊಸಾ ಸೀರೆ ಅಂಗಡಿ ಆಗೇತಿ. ಅಲ್ರೀ, ನಿಮ್ಮ ತಂಗಿ ಫೋನ್ ಮಾಡಿದ್ಲು. ಅಲ್ರೀ, ನನಗ ಮೊಣಕಾಲು ನೋಯಾಕತ್ತೇತಿ. ಅಪ್ಪನ ಕಡೆಯಿಂದ ಉತ್ತರವಿಲ್ಲ. ಒಮ್ಮೊಮ್ಮೆ ತಲೆ ಅಲ್ಲಾಡಿಸುವರು, ಒಮ್ಮೊಮ್ಮೆ ಅದೂ ಇಲ್ಲ. ಆದರೆ ಮನೆಯ ಮಾಲೀಕರು ಗೇಟಿನ ಹತ್ತಿರ ನಿಂತು ಹೇಳಿದ್ದಕ್ಕೆ ಮಾತ್ರ ತಕ್ಷಣ ಉತ್ತರ ಕೊಡುವರು. ಅವರು ದಾಸರಹಳ್ಳಿಯ ಹಳೇ ರೈತರು, ಹೊಲ ಇದ್ದ ಜಾಗದಲ್ಲೇ ಸಾಲುಮನೆ ಕಟ್ಟಿ ಬಾಡಿಗೆಗೆ ಬಿಟ್ಟವರು, ಗಂಟಲಿನಲ್ಲಿ ಗುಡುಗು ಇಟ್ಟುಕೊಂಡಂತೆ ಮಾತಾಡುವವರು. ಇದನ್ನು ಅವ್ವ ಗಮನಿಸಿದ್ದಳು. "ಗಂಡಸರ ಮಾತು ಕೇಳಸ್ತೈತಿ. ಹೆಂಗಸರದು ಕೇಳಸಂಗಿಲ್ಲ," ಎಂದು ನನ್ನ ಹತ್ತಿರ ಹೇಳಿದಳು. ನಾನೂ ಹೌದೆಂದೆ. ನನಗೂ ಅದೇ ಅನುಭವ ಆಗಿತ್ತು.

ಇನ್ನೊಂದು ಸಂಗತಿ ಎಂದರೆ ಅಪ್ಪನ ದನಿ ವರ್ಷದಿಂದ ವರ್ಷಕ್ಕೆ ಏರುತ್ತಿತ್ತು. ಉಪ್ಪು ಕೊಡು ಎನ್ನುವುದನ್ನೂ ಜಗಳಕ್ಕೆ ನಿಂತವರಂತೆ ಕೂಗುವರು. ಅವ್ವ ಅದನ್ನು ಸಿಟ್ಟು ಎಂದುಕೊಂಡಳು. ಕೇಳಿದ್ದಕ್ಕೆ ಉತ್ತರವಿಲ್ಲ, ಕೇಳದೇ ಇದ್ದದ್ದಕ್ಕೆ ಕೂಗಾಟ. ಯಾವ ಹೆಂಗಸು ಎಷ್ಟು ದಿನ ತಡೆದಾಳು? ಅವಳು ಒಂದೊಂದಾಗಿ ಮಾತು ಕಮ್ಮಿ ಮಾಡಿದಳು. ಮೊದಲು ಅಂಗಡಿಗಳ ಸುದ್ದಿ ನಿಂತಿತು, ಆಮೇಲೆ ಬಳಗದ ಸುದ್ದಿ, ಕೊನೆಗೆ ಮೊಣಕಾಲಿನ ಸುದ್ದಿಯೂ ನಿಂತಿತು. ತಟ್ಟೆ ಇಡುವಳು, ನೀರು ಇಡುವಳು, ಒಳಗೆ ಹೋಗುವಳು. ಹೇಳಲೇಬೇಕಾದದ್ದು ಏನಾದರೂ ಇದ್ದರೆ ನನ್ನ ಹತ್ತಿರ ಹೇಳಿ ಕಳಿಸುವಳು. ಅವಳು ಮಾತು ಬಿಟ್ಟದ್ದು ಅಪ್ಪನಿಗೆ ತಿಳಿಯಲಿಲ್ಲ. ಗಂಡ ಕೇಳಲಿ ಎಂದೇ ಹೆಂಡತಿ ಮೌನವಾಗಿರುತ್ತಾಳೆ, ಆ ಮೌನವೂ ಅವನಿಗೆ ತಲುಪದಿದ್ದರೆ ಅದರಂಥ ಸೋಲು ಇನ್ನೊಂದಿಲ್ಲ ಎಂದು ನನಗೆ ಆಗ ಹೊಳೆದಿರಲಿಲ್ಲ. ಅವರಿಬ್ಬರೂ ಮತ್ತೆ ಮೊದಲಿನಂತೆ ಮಾತಾಡಲಿ ಎಂಬುದೊಂದೇ ಆಗ ನನ್ನ ಆಸೆ. ಬೇರೆ ಹುಡುಗಿಯರು ದೇವರ ಹತ್ತಿರ ಪಾಸಾಗಲಿ ಎಂದು ಬೇಡಿಕೊಳ್ಳುವಾಗ ನಾನು ಇದನ್ನು ಬೇಡಿಕೊಳ್ಳುತ್ತಿದ್ದೆ.

ನಾನು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಾಗ, ದಸರೆಗೂ ಮುಂಚೆ, ಗಾಡಿ ಬೆಳಿಗ್ಗೆ ಸ್ಟಾರ್ಟ್ ಆದಾಗ ಕಿರುಚಲು ಶುರು ಮಾಡಿತು. ಎಂಜಿನ್ನಿನ ಮುಂದಿರುವ ರಬ್ಬರ್ ಬೆಲ್ಟು ಸಡಿಲವಾಗಿ ಜಾರಿದರೆ ಬರುವ ಸದ್ದು ಅದು. ಕೀ ಎಂದು, ಬೆಕ್ಕಿನ ಬಾಲ ತುಳಿದ ಹಾಗೆ, ಹಲ್ಲು ಜುಮ್ಮೆನ್ನುವಷ್ಟು ಚೂಪಾದದ್ದು. ಒಂದಿಷ್ಟು ಹೊತ್ತು ಕಿರುಚಿ, ಎಂಜಿನ್ನು ಬಿಸಿಯಾದ ಮೇಲೆ ಸುಮ್ಮನಾಗುತ್ತಿತ್ತು. ನಾನು ಒಮ್ಮೆ ಹೇಳಿದೆ, "ಅಪ್ಪಾ, ಗಾಡಿ ಕಿರುಚ್ತಾ ಇದೆ." ಅಪ್ಪ ನಕ್ಕು, "ಡೀಸೆಲ್ ಗಾಡಿ ಸದ್ದು ಮಾಡ್ದ ಹಾಡು ಹಾಡ್ತೈತೇನು?" ಎಂದರು. ಅವ್ವ ಒಮ್ಮೆ, ಮೌನ ಮುರಿದು, ಬಾಗಿಲಲ್ಲಿ ನಿಂತು ಹೇಳಿದಳು. ಅದಕ್ಕೆ ಉತ್ತರವೇ ಬರಲಿಲ್ಲ. ಅವಳು ಸೆರಗು ಸಿಕ್ಕಿಸಿಕೊಂಡು ಒಳಗೆ ಹೋದವಳು ಮತ್ತೆ ಆ ಮಾತು ಎತ್ತಲಿಲ್ಲ. ಮಾಲೀಕರು ಒಂದು ಭಾನುವಾರ ಗೇಟಿನಿಂದ, "ಏನ್ ಸಾರ್, ಗಾಡಿ ಇಂಗೆ ಅರಚ್ಕತದೆ?" ಎಂದು ಕೇಳಿದರು. ಎಂಜಿನ್ನು ಓಡುತ್ತಿತ್ತು. ಅಪ್ಪ ಬಾನೆಟ್ಟಿನ ಒಳಗಿಂದ ತಲೆ ಎತ್ತಿ, "ಹೌದ್ರಿ, ಭಾಳ ಚಲೋ ಐತಿ," ಎಂದು ಹೆಮ್ಮೆಯಿಂದ ಹೇಳಿದರು. ಮಾಲೀಕರು ನನ್ನ ಮುಖ ನೋಡಿ ನಕ್ಕು ಹೋದರು. ಅಪ್ಪ ಸ್ಕ್ರೂಡ್ರೈವರ್ ಇಟ್ಟು ಕೇಳಿದ್ದಾರೆ, ಏನೂ ಆಗಿಲ್ಲ ಅಂದಿದ್ದಾರೆ, ಇನ್ನು ನಾನ್ಯಾವ ಲೆಕ್ಕ ಎಂದು ನಾನೂ ಸುಮ್ಮನಾದೆ.

ಚಳಿಗಾಲದಲ್ಲಿ ನೆಲಮಂಗಲದ ಆಚೆ ನೆಂಟರೊಬ್ಬರ ಗೃಹಪ್ರವೇಶಕ್ಕೆ ಹೊರಟೆವು. ಬೆಳಿಗ್ಗೆ ಗಾಡಿ ಎಂದಿನಂತೆ ಕಿರುಚಿತು, ನಾವು ಎಂದಿನಂತೆ ಹತ್ತಿದೆವು. ಊರು ದಾಟಿ ವೇಗ ಏರಿದ ಮೇಲೆ ಬಾನೆಟ್ಟಿನೊಳಗೆ ಯಾರೋ ಚಪ್ಪಲಿಯಲ್ಲಿ ಹೊಡೆದಂಥ ಸದ್ದಾಯಿತು. ಡ್ಯಾಶ್‌ಬೋರ್ಡಿನಲ್ಲಿ ಕೆಂಪು ದೀಪ ಹತ್ತಿಕೊಂಡಿತು. ನಮ್ಮ ಮುಂದೆ ಕಬ್ಬಿಣದ ಸರಳು ಹೇರಿಕೊಂಡ ಲಾರಿಯೊಂದು ನಿಧಾನವಾಗಿ ಹೋಗುತ್ತಿತ್ತು. ಅಪ್ಪ ಬ್ರೇಕ್ ತುಳಿದರು, ಒಂದೆರಡು ಸಲ ಹಿಡಿಯಿತು, ಆಮೇಲೆ ಪೆಡಲು ಬಂಡೆಯಾಯಿತು. ಆ ಗಾಡಿಯಲ್ಲಿ ಬ್ರೇಕಿಗೆ ಶಕ್ತಿ ಕೊಡುವ ಪಂಪೂ ಅದೇ ಬೆಲ್ಟಿನಿಂದಲೇ ತಿರುಗುತ್ತಿತ್ತು. ಬೆಲ್ಟು ಹರಿದರೆ ಬ್ರೇಕಿನ ಬಲವೂ ಹೋಗುತ್ತದೆ ಎಂಬುದು ನನಗೆ ಗೊತ್ತಾದದ್ದು ಆ ಗಳಿಗೆಯಲ್ಲಿ. ಅಪ್ಪ ಗೇರ್ ಇಳಿಸಿ, ಸೀಟಿನಿಂದ ಎದ್ದು ನಿಂತವರಂತೆ ಎರಡೂ ಕಾಲಲ್ಲಿ ಪೆಡಲು ಒತ್ತಿ, ಗಾಡಿಯನ್ನು ರಸ್ತೆ ಬದಿಯ ಮಣ್ಣಿನ ಗುಡ್ಡೆಗೆ ನುಗ್ಗಿಸಿದರು. ಮೂತಿ ಮಣ್ಣಿಗೆ ಹುಗಿದು ನಿಂತಿತು. ಲಾರಿಯ ಸರಳುಗಳ ತುದಿಗಳು ನಮ್ಮ ಗಾಜಿನ ಎತ್ತರಕ್ಕೇ ಇದ್ದವು, ಅವು ಹಾಗೇ ಮುಂದೆ ಸಾಗಿ ಹೋದವು. ಅವ್ವ ಹಿಂದೆ ಕಿಟಕಿಯ ಸರಳನ್ನು ಹಿಡಿದಿದ್ದವಳು ಬಿಡಲೇ ಇಲ್ಲ. ಅವಳ ಬೆರಳು ಬಿಡಿಸಿ ಕೆಳಗಿಳಿಸಿದೆ.

ಅಪ್ಪ ಬಾನೆಟ್ ಎತ್ತಿ ಹರಿದ ಬೆಲ್ಟನ್ನು ಎಳೆದು ತೆಗೆದರು. ಒಳಮೈಯೆಲ್ಲ ಹೊಳಪಾಗಿ, ಬಿರುಕು ಬಿಟ್ಟು, ನಾರು ನಾರಾಗಿತ್ತು. "ನೋಡಿಲ್ಲಿ, ಡೂಪ್ಲಿಕೇಟ್ ಮಾಲು!" ಎಂದು ಕೂಗಿದರು. "ಬೆಲ್ಟು ಹರಿಯಾಕಿಂತ ಮೊದಲ ಕಿರುಚಬೇಕು. ವಾರಗಟ್ಟಲೆ ಕಿರುಚತೈತಿ. ಇದು ಒಂದು ಸಲಾನೂ ಕಿರುಚಲಿಲ್ಲ!" ಅವರು ನಮ್ಮ ಕಡೆ ಬೆನ್ನು ಮಾಡಿದ್ದರು. ಅವ್ವ ಅವರಿಂದ ಎರಡು ಮಾರು ದೂರದಲ್ಲಿ, ಮೈಲಿಗಲ್ಲಿನ ಮೇಲೆ ಕೂತಿದ್ದಳು. ಅವಳು ಸಾಕಷ್ಟು ಗಟ್ಟಿಯಾಗಿಯೇ ಹೇಳಿದಳು, "ದಸರಾಕ್ಕಿಂತ ಮೊದಲಿನಿಂದ ಕಿರುಚಾಕತ್ತಿತ್ತು. ಓಣಿ ಮಂದಿಗೆಲ್ಲಾ ಕೇಳಸ್ತು." ಅಪ್ಪ ತಿರುಗಲಿಲ್ಲ. ಡೂಪ್ಲಿಕೇಟ್ ಮಾರಿದವನಿಗೆ ಬೈಯುತ್ತಲೇ ಇದ್ದರು. ಅವರು ಬೇಕೆಂದೇ ತಿರುಗದೆ ಇದ್ದದ್ದಲ್ಲ. ಬೆನ್ನು, ಹೆಗಲು, ಕತ್ತು, ಯಾವುದೂ ಸ್ವಲ್ಪವೂ ಅಲುಗಲಿಲ್ಲ. ಕೇಳಿಸಿಯೂ ಕೇಳಿಸದಂತೆ ಇರುವವರ ಬೆನ್ನು ಹಾಗಿರುವುದಿಲ್ಲ.

ನಾನು ಮುಂದೆ ಹೋಗಿ, ಅವರ ಮುಖದ ಎದುರಿಗೆ ನಿಂತು, "ಅಪ್ಪಾ, ಅದು ದಿನಾ ಕಿರುಚ್ತಿತ್ತು. ನಿಮಗೆ ಕೇಳಿಸ್ಲಿಲ್ವಾ?" ಎಂದೆ. ಅವರು ನನ್ನ ತುಟಿಯನ್ನೇ ನೋಡುತ್ತಿದ್ದರು. "ದಿನಾ?" ಎಂದರು. ಆಮೇಲೆ ಅವ್ವನ ಕಡೆ ನೋಡಿದರು. ಕೈಯಲ್ಲಿದ್ದ ಬೆಲ್ಟನ್ನು ಸುರುಳಿ ಸುತ್ತತೊಡಗಿದರು, ಇನ್ನೂ ಉಪಯೋಗಕ್ಕೆ ಬರುವ ವಸ್ತುವನ್ನು ಎತ್ತಿಡುವವರ ಹಾಗೆ. ಅಷ್ಟು ಹೆದರಿದ ಮುಖವನ್ನು ನಾನು ಅಲ್ಲಿಯವರೆಗೆ ಅವರಲ್ಲಿ ಕಂಡಿರಲಿಲ್ಲ, ಲಾರಿ ಎದುರಿಗಿದ್ದಾಗಲೂ ಕಂಡಿರಲಿಲ್ಲ.

ಕಾರ್ಮಿಕರ ಆಸ್ಪತ್ರೆಯಲ್ಲಿ ಕಿವಿ ಪರೀಕ್ಷೆ ಮಾಡಿದ ಡಾಕ್ಟರು ಪೀಣ್ಯದವರನ್ನು ನೋಡಿ ನೋಡಿ ಬೇಸತ್ತವರು. ಅಪ್ಪನನ್ನು ಹೊರಗೆ ಕೂರಿಸಿ ನನಗೆ ಹೇಳಿದರು. "ಪ್ರೆಸ್ ಶಾಪ್ ತಾನೆ? ದಪ್ಪ ಸೌಂಡ್ ಇನ್ನೂ ಕೇಳುತ್ತೆ ಕಣಮ್ಮ. ಸಣ್ಣ ಸೌಂಡ್ ಹೋಗ್ಬಿಟ್ಟಿದೆ. ವಿಷಲ್ಲು, ಹಕ್ಕಿ, ಹೆಂಗಸರ ಮಾತು, ಮಕ್ಕಳ ಮಾತು. ಹೋದದ್ದು ವಾಪಸ್ ಬರಲ್ಲ." ಕಿವಿಗೆ ಮಷೀನು ಹಾಕಿಸಿದರೆ ಎಂದು ಕೇಳಿದೆ. ಹಾಕಿಸಬಹುದು, ಆದರೆ ಇವರಿಗೆ ಗದ್ದಲ ಜಾಸ್ತಿಯಾಗುತ್ತದೆ, ಮಾತು ಸ್ಪಷ್ಟವಾಗುವುದಿಲ್ಲ ಎಂದರು. ಹಾಕಿಸಿದೆವು. ಅಪ್ಪ ಅದನ್ನು ಕೆಲವು ದಿನ ಹಾಕಿಕೊಂಡು, ಕಿವಿಯೊಳಗೆ ಯಾರೋ ತಗಡು ಕೆರೆಯುತ್ತಿದ್ದಾರೆ ಎಂದು ಕಿತ್ತಿಟ್ಟರು.

ಆಸ್ಪತ್ರೆಯಿಂದ ಬಂದ ಸಂಜೆ ನಾನು ಅಡುಗೆಮನೆಗೆ ಹೋಗಿ ಅವ್ವನಿಗೆ ಎಲ್ಲ ಹೇಳಿದೆ. ನನ್ನ ಮನಸ್ಸಿನಲ್ಲಿ ಹಬ್ಬವೇ ಇತ್ತು, ಸುಳ್ಳು ಯಾಕೆ ಹೇಳಲಿ. ಅಪ್ಪ ನಿನ್ನನ್ನು ಅಲಕ್ಷ್ಯ ಮಾಡಿದ್ದಲ್ಲ, ಅವರಿಗೆ ನಿನ್ನ ದನಿಯೇ ಕೇಳಿಸುತ್ತಿರಲಿಲ್ಲ, ಕೂಗಾಡಿದ್ದೂ ಸಿಟ್ಟಿನಿಂದಲ್ಲ, ತಮ್ಮ ದನಿ ತಮಗೇ ಕೇಳಿಸದೆ. ಇಷ್ಟು ಗೊತ್ತಾದರೆ ಅವಳು ಅಳುತ್ತಾಳೆ, ಹೊರಗೆ ಹೋಗಿ ಅವರ ಪಕ್ಕ ಕೂರುತ್ತಾಳೆ, ಎಲ್ಲ ಸರಿಹೋಗುತ್ತದೆ ಎಂದುಕೊಂಡಿದ್ದೆ. ಅವ್ವ ರೊಟ್ಟಿ ತಟ್ಟುತ್ತಿದ್ದಳು. ತಟ್ಟುವುದನ್ನು ನಿಲ್ಲಿಸಲಿಲ್ಲ. ಹೆಂಚಿನ ಮೇಲಿದ್ದ ರೊಟ್ಟಿ ತಿರುವಿ ಹಾಕಿ, "ಅಂದ್ರ ಇಷ್ಟು ವರ್ಷ ನಾ ಗ್ವಾಡಿ ಜೋಡಿ ಮಾತಾಡೀನಿ," ಎಂದಳು. ಇನ್ನೊಂದು ಹಿಟ್ಟಿನ ಉಂಡೆ ಎತ್ತಿಕೊಂಡು, "ಸಿಟ್ಟು ಮಾಡಾಕರ ಒಂದು ಕಾರಣ ಇತ್ತು. ಈಗ ಅದೂ ಹೋತು ನೋಡು," ಎಂದಳು. ತಟ್ಟೆ ಕೊಟ್ಟು, ಅಪ್ಪನಿಗೆ ಒಯ್ದು ಕೊಡು ಎಂದಳು.

ಆಮೇಲೆ ಅಪ್ಪನ ಕಿವಿಯ ಕೆಲಸ ನನಗೆ ಬಂತು. ಭಾನುವಾರ ಬಾನೆಟ್ಟಿನ ಹತ್ತಿರ ನಾನು ನಿಲ್ಲುವುದು, ಅವರು ನನ್ನ ಮುಖ ನೋಡುತ್ತಾ ಕೇಳುವುದು. ಕೀ ಅಂತೈತೋ, ಚೀ ಅಂತೈತೋ? ಬ್ರೇಕ್ ಹೊಡೆದಾಗ ಬರತೈತೋ, ಬಿಟ್ಟಾಗ ಬರತೈತೋ? ಬ್ರೇಕ್ ಶೂ ಸವೆದದ್ದು, ಕಮಾನು ಪಟ್ಟಿಯ ಬುಷ್ ಒಣಗಿದ್ದು, ಟೈರಿಗೆ ಮೊಳೆ ಚುಚ್ಚಿ ಗಾಳಿ ಸೋರುವುದು, ಎಲ್ಲದರ ಸದ್ದನ್ನೂ ಅವರು ನೆನಪಿನಿಂದ ಬಾಯಲ್ಲಿ ಮಾಡಿ ತೋರಿಸಿ ನನಗೆ ಕಲಿಸಿದರು. ಆ ಸದ್ದುಗಳು ಅವರ ತಲೆಯೊಳಗೆ ಮಾತ್ರ ಉಳಿದಿದ್ದವು. ಬೀದಿಯವರಿಗೆ ಅದು ತಮಾಷೆ, ಅಪ್ಪ ಮಗಳು ಗಾಡಿ ಮುಂದೆ ನಿಂತು ಬೆಕ್ಕು ನಾಯಿಯಂತೆ ಕೂಗುತ್ತಾರೆ ಎಂದು. ನನಗೂ ಮೊದಮೊದಲು ನಗು ಬರುತ್ತಿತ್ತು.

ಗಾಡಿಯಲ್ಲಿ ಹೋಗುವಾಗ ಇನ್ನೊಂದು ಶುರುವಾಯಿತು. ತಮಗೆ ಅವ್ವನ ಮಾತು ಕೇಳಿಸುವುದಿಲ್ಲ ಎಂದು ಈಗ ಅಪ್ಪನಿಗೆ ಗೊತ್ತಲ್ಲ, ಹಾಗಾಗಿ ಅವಳು ಹಿಂದೆ ಕೂತು ಮಾತಾಡುತ್ತಲೇ ಇದ್ದಾಳೆ ಎಂದು ಅವರು ನಂಬಿದ್ದರು. ಮೊದಲು ದಾರಿಯುದ್ದಕ್ಕೂ ಮಾತಾಡುತ್ತಿದ್ದವಳಲ್ಲವೆ? ಜಾಲಹಳ್ಳಿ ಕ್ರಾಸ್ ಬರುವಷ್ಟರಲ್ಲಿ ನನ್ನ ಕಡೆ ವಾಲಿ ಕೇಳುವರು, "ಏನಂದ್ಲು ನಿಮ್ಮವ್ವ?" ಅವ್ವ ಏನೂ ಅಂದಿರುತ್ತಿರಲಿಲ್ಲ. ಕಿಟಕಿಯ ಆಚೆ ನೋಡುತ್ತಾ ಕೂತಿರುತ್ತಿದ್ದಳು. ಮೊದಲ ಸಲ ನಾನು ಕಿಟಕಿಯಾಚೆ ಕಂಡದ್ದನ್ನೇ ಹಿಡಿದು, "ಅಲ್ಲಿ ಹೊಸ ಹೋಟೆಲ್ ಆಗಿದೆಯಂತೆ," ಎಂದುಬಿಟ್ಟೆ. ಅಪ್ಪನ ಮುಖ ಅರಳಿತು. "ಹೌದಲ್ಲ! ಆಕಿ ಕಣ್ಣಿಗೆ ಏನೂ ತಪ್ಪಂಗಿಲ್ಲ," ಎಂದು ಗಟ್ಟಿಯಾಗಿ ಹೇಳಿ, ಆ ಹೋಟೆಲಿನ ಬಗ್ಗೆ ಅವ್ವನಿಗೆ ಇಷ್ಟುದ್ದ ಉತ್ತರ ಕೊಟ್ಟರು. ಅವ್ವ ಎಲ್ಲವನ್ನೂ ಕೇಳಿಸಿಕೊಂಡಳು. ನಾನು ಹೇಳಿದ್ದು ಸುಳ್ಳು ಎನ್ನಲಿಲ್ಲ, ನಿಜ ಎನ್ನಲೂ ಇಲ್ಲ.

ಹೀಗೇ ನಡೆಯಿತು. ನಾನು ಅವ್ವನ ಬಾಯಲ್ಲಿ ಮಾತು ಇಡುತ್ತಾ ಹೋದೆ. ನೀವು ಬಿಪಿ ಗುಳಿಗೆ ತಗೊಂಡ್ರಾ ಅಂತ ಕೇಳ್ತಿದಾಳೆ. ನಿಧಾನ ಹೋಗಬೇಕಂತೆ. ಈ ಶರ್ಟು ನಿಮಗೆ ಚೆನ್ನಾಗಿ ಕಾಣುತ್ತಂತೆ. ಕೊನೆಯದನ್ನು ಹೇಳಿದ ದಿನ ಅಪ್ಪ ಕನ್ನಡಿಯಲ್ಲಿ ತಮ್ಮ ಕಾಲರು ನೋಡಿಕೊಂಡರು. ಒಂದೆರಡು ವರ್ಷಗಳಿಂದ ಆ ಗಾಡಿಯಲ್ಲಿ ಇಷ್ಟು ಮಾತು ನಡೆದಿರಲಿಲ್ಲ. ಹೇಳುತ್ತಾ ಹೇಳುತ್ತಾ ಅವ್ವ ಒಂದು ದಿನ ನಿಜವಾಗಿಯೇ ಬಾಯಿ ಬಿಟ್ಟಾಳು, ಇಲ್ಲ ಹಾಗಲ್ಲ ಅಂತಲಾದರೂ ನನ್ನನ್ನು ತಿದ್ದಿಯಾಳು ಎಂದು ಕಾಯುತ್ತಿದ್ದೆ.

ಒಂದು ಭಾನುವಾರ ಅಪ್ಪ ಪೇಟೆಯಿಂದ ಅಂಗೈಯಗಲದ ಒಂದು ಕನ್ನಡಿ ತಂದರು. ಗಾಡಿಯೊಳಗಿನ ಕನ್ನಡಿಯ ಕೆಳಗೆ ಅದನ್ನು ಸ್ಕ್ರೂ ಹಾಕಿ ಕೂರಿಸಿ, ಅವ್ವನನ್ನು ಕರೆದು ಅವಳ ಜಾಗದಲ್ಲಿ ಕೂರಿಸಿ, ಅವಳ ಮುಖ ಸರಿಯಾಗಿ ಬರುವವರೆಗೂ ತಿರುಗಿಸಿ ತಿರುಗಿಸಿ ನೋಡಿದರು. ತುಟಿ ಕಂಡರೆ ಮಾತು ತಿಳಿಯುತ್ತದೆ, ಪ್ರೆಸ್ ಶಾಪಿನಲ್ಲಿ ಜೀವಮಾನವೆಲ್ಲ ಮಾಡಿದ್ದು ಅದನ್ನೇ ಅಲ್ಲವೆ ಎಂದು ಖುಷಿಯಲ್ಲಿದ್ದರು. "ಇನ್ನ ನಿನಗೂ ತ್ರಾಸಿಲ್ಲವ್ವಾ. ನಾನ ಕೇಳತೀನಿ ಆಕೀನ್ನ," ಎಂದು ನನ್ನ ಬೆನ್ನು ತಟ್ಟಿದರು. ಬೇಡ ಎನ್ನಲು ಒಂದು ಕಾರಣವೂ ಸಿಗಲಿಲ್ಲ.

ಅದೇ ದಿನ ಸಂಜೆ ಟೈರಿಗೆ ಗಾಳಿ ಹಾಕಿಸಿಕೊಂಡು ಬರುವ ನೆಪದಲ್ಲಿ ನಮ್ಮಿಬ್ಬರನ್ನೂ ಹತ್ತಿಸಿಕೊಂಡು ಹೊರಟರು. ದಾಸರಹಳ್ಳಿ ಸರ್ಕಲ್ಲಿನಲ್ಲಿ ಕನ್ನಡಿ ನೋಡಿದರು. ಪೆಟ್ರೋಲ್ ಬಂಕಿನಲ್ಲಿ ನೋಡಿದರು. ಗಾಳಿ ಹಾಕಿಸಿಕೊಂಡು, ರೈಲ್ವೆ ಗೇಟಿನಲ್ಲಿ ನಿಂತಿದ್ದಾಗ ತುಂಬ ಹೊತ್ತು ನೋಡಿದರು. ನಾನು ತಿರುಗಿ ನೋಡುವ ಧೈರ್ಯ ಮಾಡಲಿಲ್ಲ. ಪೀಣ್ಯದ ಕಡೆಯಿಂದ ಲಾರಿಗಳು ಬರಲು ಶುರುವಾದವು, ರಸ್ತೆ ಇಕ್ಕಟ್ಟಾಯಿತು. ಅಪ್ಪ ಕನ್ನಡಿಯಿಂದ ಕಣ್ಣು ತೆಗೆದು ರಸ್ತೆಯ ಮೇಲಿಟ್ಟರು. ಆಮೇಲೆ, ಉಪ್ಪು ಕೇಳಲೂ ಕೂಗುತ್ತಿದ್ದ ಆ ಮನುಷ್ಯ, ನನಗೂ ಕಷ್ಟಪಟ್ಟು ಕೇಳಿಸುವಷ್ಟು ಸಣ್ಣ ದನಿಯಲ್ಲಿ ಕೇಳಿದರು, "ಆಕಿ ಮಾತು ಬಿಟ್ಟು ಭಾಳ ದಿನಾ ಆತೇನು?"

ನಾನು ಬಾಯಿ ತೆರೆಯುವ ಮುಂಚೆಯೇ ಹಿಂದಿನಿಂದ ಅವ್ವನ ದನಿ ಬಂತು. ಅದರಲ್ಲಿ ಸಿಟ್ಟು ಇರಲಿಲ್ಲ, ಹಗೆ ಇರಲಿಲ್ಲ, ಅಂಗಡಿ ಮುಚ್ಚಿದೆ ಎಂದು ಹೇಳುವವರ ದನಿ ಅದು. "ಭಾಳ ದಿನಾ ಆತು. ಈಗ ಅವರಿಗೆ ಹೇಳೂವಂಥಾದ್ದು ನನ್ನ ಕಡೆ ಏನೂ ಉಳದಿಲ್ಲ ಅಂತ ಹೇಳಿಬಿಡು," ಎಂದಳು.

ಅಪ್ಪನ ಕಣ್ಣು ರಸ್ತೆಯ ಮೇಲೇ ಇತ್ತು. ಆದರೂ ನನ್ನ ಕತ್ತು ತಿರುಗಿದ್ದನ್ನು ಓರೆಗಣ್ಣಿನಲ್ಲಿ ಕಂಡಿರಬೇಕು, ಅವಸರದಿಂದ ನನ್ನ ಕಡೆ ವಾಲಿದರು. "ಏನಂದ್ಲು? ಈಗ ಏನೋ ಅಂದ್ಲಲ್ಲ, ಏನಂದ್ಲು?"

"ಏನೂ ಅಂದಿಲ್ಲ ಅಪ್ಪಾ," ಎಂದೆ. "ಲಾರಿ ಬರ್ತಿದೆ, ಮುಂದೆ ನೋಡಿ."